ತಟ್ಟಿ ಸರಿಸಿದ ನೀರು

ನಮ್ಮ ಹಟ್ಟಿಯ ಒರತೆಗೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಕೋತಗಿರಿಯಿಂದ ಕೀಳ್ ಕೋತಗಿರಿಯ ಕಡೆಗೆ ಇಳಿಯುವ ಬಸ್ಸು ರಸ್ತೆಯ ತಿರುವಿನಲ್ಲಿ ನಮ್ಮನ್ನು ಬಿಟ್ಟು ಹೋಗುತ್ತದೆ. ಅಲ್ಲಿಂದ ಟೀ ಗಿಡಗಳ ನಡುವೆ ಕಾಲುದಾರಿ, ಅದು ಮುಗಿಯುವಲ್ಲಿ ಒಂದೇ ಸಾಲಿನ ಮನೆಗಳು, ಸಾಲಿನ ಕೆಳಗೆ ಕಲ್ಲು ಕಟ್ಟಿದ ಸಣ್ಣ ಹೊಂಡ. ಹಿಂದಿನ ಗೋಡೆಯ ಕಲ್ಲುಗಳ ಸಂದಿನಿಂದ ನೀರು ಬಂದು ಅದರಲ್ಲಿ ತುಂಬುತ್ತದೆ, ಮುಂದಿನ ಅಂಚಿನಿಂದ ಹರಿದು ಹಳ್ಳ ಸೇರುತ್ತದೆ. ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲೇ ಬಿಡಬೇಕು. ಕೊಡವನ್ನು ನೇರವಾಗಿ ಮುಳುಗಿಸಬಾರದು. ಕೊಡದ ತಳದಿಂದ ನೀರಿನ ಮೈಯನ್ನು ಮೆತ್ತಗೆ ತಟ್ಟಿ, ಮೇಲೆ ತೇಲುವ ಎಲೆ, ಹುಳ, ಧೂಳನ್ನೆಲ್ಲ ಆಚೆಗೆ ಸರಿಸಿ, ತೆರವಾದ ಜಾಗದಲ್ಲಿ ಅದ್ದಬೇಕು. ಅವ್ವೆ ನನಗೆ ಇದನ್ನು ಕಲಿಸಿದಾಗ ನನ್ನ ಕೈಯಲ್ಲಿದ್ದದ್ದು ಚೊಂಬು. ನಾನು ತಟ್ಟಿದರೆ ನೀರೆಲ್ಲ ನನ್ನ ಮುಖಕ್ಕೇ ಹಾರುತ್ತಿತ್ತು, ಅವಳು ತಟ್ಟಿದರೆ ಸದ್ದೇ ಇರುತ್ತಿರಲಿಲ್ಲ.

ಅವ್ವೆ ಈ ಹಟ್ಟಿಗೆ ಸೊಸೆಯಾಗಿ ಬಂದ ದಿನ ಮಾಡಿದ ಮೊದಲ ಕೆಲಸ ಈ ಒರತೆಯಿಂದ ಒಂದು ಕೊಡ ನೀರು ಹೊತ್ತು ತಂದದ್ದು. ನಮ್ಮಲ್ಲಿ ಹಾಗೆ. ಮದುವೆಯ ದಿನ ಗಂಡನ ಹಟ್ಟಿಗೆ ಬಂದ ಹೆಣ್ಣು, ಹೆಂಗಸರ ಜೊತೆ ನೀರಿಗೆ ಹೋಗಿ, ತುಂಬಿದ ಕೊಡದೊಂದಿಗೆ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಆ ಮನೆಯವಳು. ಅವಳ ಅತ್ತೆಯೂ ಹಾಗೆ ಬಂದವಳು, ಆ ಅತ್ತೆಯ ಅತ್ತೆಯೂ. ಕೊಡವೂ ಅದೇ ಹಿತ್ತಾಳೆ ಕೊಡ, ಕುತ್ತಿಗೆಯ ಹತ್ತಿರ ಒಂದು ತಗ್ಗು ಬಿದ್ದಿದೆ. ಬೆಳಿಗ್ಗೆ ಎದ್ದು ಲಿಂಗಪೂಜೆಗೆ ಬೇಕಾದ ನೀರನ್ನು ಅವ್ವೆ ಅದರಲ್ಲೇ ತರುತ್ತಿದ್ದಳು. ಪಂಚಾಯತಿಯ ಪೈಪು ಬಂದ ಮೇಲೂ ಆ ಪೈಪಿನ ನೀರು ಪಾತ್ರೆ ತೊಳೆಯಲಿಕ್ಕೆ ಮಾತ್ರ, ಲಿಂಗಕ್ಕೆ ಮತ್ತು ಬಾಯಿಗೆ ಒರತೆಯದೇ.

ನಾನು ಮದುವೆಯಾಗಲಿಲ್ಲ. ನೆಲದ ಒಳಗಿನ ನೀರನ್ನು ಹುಡುಕುವ ಓದು ಓದಿ, ಬೆಟ್ಟ ಇಳಿದು, ಬಯಲಿನ ಸುಣ್ಣಕಲ್ಲಿನ ಸೀಮೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಬಿಸಿಲು, ಧೂಳು, ಬೆವರು, ಜೊತೆಗೆ ನನ್ನ ಮೂಗಿನ ತುದಿಯ ಕೋಪ. ಹೆಂಗಸು ಬಾವಿಗೆ ಇಳಿಯುತ್ತಾಳಂತೆ ಎಂದು ನೋಡಲು ಬಂದವರಿಗೆ ಹಗ್ಗದ ತುದಿ ಕೊಟ್ಟು ಹಿಡಿದುಕೊಳ್ಳಿ ಎನ್ನುತ್ತಿದ್ದೆ. ಆ ಸೀಮೆಯ ಕಲ್ಲು ವಿಚಿತ್ರ. ಮಳೆನೀರು ಸಾವಿರಾರು ವರ್ಷ ಅದನ್ನು ಕರಗಿಸಿ ಒಳಗೆಲ್ಲ ಬಿಲ, ಕೊಳವೆ, ಗುಹೆ ಮಾಡಿಟ್ಟಿರುತ್ತದೆ. ಬೇರೆ ಕಡೆ ನೀರು ಮಣ್ಣಿನಲ್ಲಿ ಇಂಗಿ, ಸೋಸಿ, ನಿಧಾನವಾಗಿ ನಡೆಯುತ್ತದೆ. ಅಲ್ಲಿ ಅದು ಓಡುತ್ತದೆ, ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಓಡುತ್ತದೆ. ಲಾರಿಗಳು ನಿಲ್ಲುವ ಒಂದು ಅಂಗಳದಲ್ಲಿ ಸೋರಿದ ಡೀಸೆಲ್ಲು, ನಡುವೆ ಎಷ್ಟೋ ಬಾವಿಗಳನ್ನು ಮುಟ್ಟದೆ, ದೂರದ ಇನ್ನೊಂದು ಊರಿನ ಬಾವಿಯಲ್ಲಿ ಎದ್ದದ್ದನ್ನು ನಾನೇ ಹಿಡಿದಿದ್ದೆ. ಹತ್ತಿರ ಇದ್ದವನೇ ಕಳ್ಳ ಎಂದು ಹೇಳಬಾರದು ಎನ್ನುವುದು ಅಲ್ಲಿ ನನಗೆ ಮನದಟ್ಟಾದ ಪಾಠ.

ನನ್ನ ತಮ್ಮ ಫೋನು ಮಾಡಿದ್ದು ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಗೆ ಸ್ವಲ್ಪ ಮೊದಲು. ಆಗ ನಮ್ಮ ಹಟ್ಟಿಯಲ್ಲಿ ಮೊಬೈಲು ಸಿಗುತ್ತಿರಲಿಲ್ಲ. ಅವನು ರಸ್ತೆಗೆ ಹತ್ತಿ ಬಂದು ಅಂಗಡಿಯಿಂದ ಮಾತಾಡುತ್ತಿದ್ದ.

"ಅಕ್ಕಾ, ಒರತೆ ನೀರು ನಾರ್ತಾ ಇದೆ. ಸೀಮೆಣ್ಣೆ ತರ. ಅವ್ವೆ ಬಿಡ್ತಾ ಇಲ್ಲೆ, ಅದ್ನೇ ಕುಡಿತಾಳೆ."

"ಕುಡಿಯಬೇಡ ಅನ್ನು."

"ನಾ ಹೇಳಿದರೆ ಕೇಳುವಳಾ? ನೀ ಬಾ. ತೈ ತಿಂಗಳಲ್ಲಿ ಮದುವೆ. ಹೆಣ್ಣು ನೀರುಗ ಎಲ್ಲಿ ಹೋಗೋದು?"

ಸಂಕ್ರಾಂತಿ ಕಳೆದ ಮೇಲೆ ಅವನ ಮದುವೆ ಎಂದು ಆಗಲೇ ನಿಶ್ಚಯವಾಗಿತ್ತು. ಅವನ ದನಿಯಲ್ಲಿ ಇದ್ದದ್ದು ನೀರಿನ ಚಿಂತೆಗಿಂತ ಅವ್ವೆಯ ಚಿಂತೆ. ಅಪ್ಪ ತೀರಿಕೊಂಡ ಮೇಲೆ ಅವ್ವೆ ಯಾವುದನ್ನೂ ಆಸೆಪಟ್ಟು ಕೇಳಿದವಳಲ್ಲ. ಸೊಸೆ ತನ್ನ ಕೊಡ ಹೊತ್ತು ತನ್ನ ಒರತೆಯಿಂದ ಬರುವುದನ್ನು ನೋಡಬೇಕು, ಅದೊಂದೇ. ಆ ಮಾತು ಅವಳ ಬಾಯಲ್ಲಿ ನಾವಿಬ್ಬರೂ ಎಷ್ಟು ಸಲ ಕೇಳಿದ್ದೆವೋ.

ನಾನು ಬರುವ ಹೊತ್ತಿಗೆ ಹಟ್ಟಿ ತೀರ್ಪು ಕೊಟ್ಟಾಗಿತ್ತು. ರಸ್ತೆಯ ತಿರುವಿನಲ್ಲಿ ಜೀಪು, ಟೆಂಪೋ ರಿಪೇರಿ ಮಾಡುವ ಒಂದು ವರ್ಕ್‌ಶಾಪು ಇತ್ತು. ಅದರ ಯಜಮಾನ ಗೂಡಲೂರು ಕಡೆಯಿಂದ ಬಂದವನು, ಮಲಯಾಳದವನು, ನಮ್ಮ ಮಾತನ್ನು ಮಲಯಾಳ ಬೆರೆಸಿ ಆಡುತ್ತಿದ್ದ. ಎಣ್ಣೆ ಇರುವುದು ಅವನ ಹತ್ತಿರ, ಅವನಿರುವುದು ಒರತೆಗಿಂತ ಮೇಲೆ, ಅವನು ಹೊರಗಿನವನು. ಇನ್ನೇನು ಬೇಕು? ನಮ್ಮ ದೊಡ್ಡಪ್ಪ, ಹಟ್ಟಿಯ ಹಿರಿಯ, ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಬೈದಿದ್ದನಂತೆ. ಅಂದಿನಿಂದ ನಮ್ಮವರ ಯಾವ ಗಾಡಿಯೂ ಅವನ ಅಂಗಳಕ್ಕೆ ಹೋಗಲಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ಅವನು ಬಂದರೆ ಮಾತು ನಿಲ್ಲುತ್ತಿತ್ತು.

ಇದರ ನಡುವೆ ಸರ್ಕಾರಕ್ಕೆ ದೂರು ಹೋಗಿ, ನೀರು ಪರೀಕ್ಷೆ ಮಾಡುವವನೊಬ್ಬ ಬಂದು ಹೋಗಿದ್ದ. ವರದಿಯೂ ಬಂದಿತ್ತು. ಎಣ್ಣೆಯ ಅಂಶ ಇಲ್ಲ, ನೀರು ಕುಡಿಯಲು ಯೋಗ್ಯ. ಅವ್ವೆಗೆ ಅಷ್ಟೇ ಸಾಕಾಗಿತ್ತು. ದೊಡ್ಡಪ್ಪ ಮಾತ್ರ ಗೂಡಲೂರಿನವನು ಬಂದವನ ಕೈ ಬಿಸಿ ಮಾಡಿದ್ದಾನೆ ಎಂದು ಸಾರಿಕೊಂಡು ಬಂದಿದ್ದ. ಹೀಗೆ ಒಂದು ಶುದ್ಧವಾದ ವರದಿಯಿಂದ ಅವ್ವೆ ನೀರು ಕುಡಿಯುತ್ತಲೇ ಇದ್ದಳು, ಆ ಮನುಷ್ಯ ಇನ್ನಷ್ಟು ಕೆಟ್ಟವನಾದ. ನನಗೆ ತಲೆ ಕೆಟ್ಟುಹೋಯಿತು. ಒರತೆಯ ಮೆಟ್ಟಿಲಲ್ಲಿ ನಿಂತರೆ ಸಾಕು, ಮೂಗಿದ್ದವರಿಗೆ ತಿಳಿಯುತ್ತಿತ್ತು.

ಮೊದಲು ವರ್ಕ್‌ಶಾಪಿಗೇ ಹೋದೆ. ಆತ ಜೀಪಿನ ಅಡಿಯಿಂದ ಜಾರಿ ಹೊರಗೆ ಬಂದ. ಕೆಲಸ ಇಲ್ಲದ ಅಂಗಳದಲ್ಲಿ ಅದೊಂದೇ ಜೀಪು, ಅದೂ ಅವನದೇ. ಅಕ್ಕಾ ಎನ್ನುವಂತೆ ಚೇಚಿ ಎಂದು ಕರೆದು ಹೇಳಿದ.

"ಚೇಚಿ, ನಾನು ಎಣ್ಣೆ ಚೆಲ್ಲುತ್ತೇನೆ, ಅದು ಸತ್ಯಂ. ಸುಳ್ಳು ಹೇಳೂದಿಲ್ಲ. ಆದರೆ ನನ್ನ ಓಡ, ಈ ಚರಂಡಿ, ಆಚೆ ಕಡೆ ಹೋಗ್ತದೆ. ನಿಂಗಳ ಒರತೆ ವೆಳ್ಳಂ ಈಚೆ ಕಡೆ. ಹೆಂಗೆ ಹತ್ತಿ ಇಳಿತದೆ?"

"ನೆಲದೊಳಗೆ ನೀರು ಹೇಗೆ ಹೋಗುತ್ತದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಣ್ಣ ಹಾಕಿ ನೋಡೋಣ. ಒಪ್ಪುತ್ತೀರಾ?"

"ಹಾಕು ಚೇಚಿ. ನಾಳೆ ಅಲ್ಲ, ಇಂದೇ ಹಾಕು."

ಸುಣ್ಣಕಲ್ಲಿನ ಸೀಮೆಯಲ್ಲಿ ನಾವು ಬಳಸುತ್ತಿದ್ದ ಪುಡಿ ನನ್ನ ಚೀಲದಲ್ಲಿತ್ತು. ಒಣಗಿದ್ದಾಗ ಇಟ್ಟಿಗೆ ಬಣ್ಣ, ನೀರಿಗೆ ಬಿದ್ದರೆ ಹೊಳೆಯುವ ಹಸಿರು. ಸ್ವಲ್ಪ ಸಾಕು, ಯಾರಿಗೂ ತೊಂದರೆ ಇಲ್ಲ. ಒಂದು ಕಡೆ ಸುರಿದು, ಎಲ್ಲಿ ಹಸಿರು ಏಳುತ್ತದೆ ಎಂದು ಕಾಯುವುದು, ಅಷ್ಟೇ ವಿದ್ಯೆ. ಅವನ ಚರಂಡಿಗೆ ಸುರಿದೆವು. ಮಳೆ ಬಂತು. ಬಣ್ಣ ಆಚೆ ಇಳಿಜಾರಿನ ರಸ್ತೆ ಚರಂಡಿಯಲ್ಲಿ ಎದ್ದಿತು. ಆ ಕಡೆಯ ಹಳ್ಳಕ್ಕೆ ಅವನು ಮಾಡುತ್ತಿದ್ದದ್ದು ಒಳ್ಳೆಯದಲ್ಲ, ಅದನ್ನೂ ಮುಖಕ್ಕೆ ಹೇಳಿದೆ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆದರೆ ನಮ್ಮ ಒರತೆಯಲ್ಲಿ ಎಷ್ಟು ಕಾದರೂ ಹಸಿರು ಬರಲಿಲ್ಲ, ನಾತ ಮಾತ್ರ ಮಳೆ ಬಂದ ಮೇಲೆ ಇನ್ನೂ ಜೋರಾಯಿತು.

ದೊಡ್ಡಪ್ಪನಿಗೆ ಇದನ್ನು ಹೇಳಿದರೆ ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

"ನಿನ್ನ ಬಣ್ಣ ಬಯಲು ಸೀಮೆಗ ಸರಿ. ನಂಗಳ ಬೆಟ್ಟುಗ ಅದು ಏನು ಮಾಡುವುದು?"

ಅವನ ಮಾತಿನಲ್ಲಿ ಅರ್ಧ ನಿಜ ಇತ್ತು. ನಮ್ಮ ಬೆಟ್ಟ ಸುಣ್ಣಕಲ್ಲಿನದಲ್ಲ. ಕರಗದ ಗಟ್ಟಿ ಕಲ್ಲು, ಅದರ ಮೇಲೆ ಆಳವಾದ ಕೆಂಪು ಮಣ್ಣು. ಹೀಗಿದ್ದರೂ ಡೀಸೆಲ್ಲಿನ ನಾತ ಮಳೆ ಬಂದ ಕೂಡಲೇ ಏರುತ್ತಿತ್ತು, ಮಳೆ ನಿಂತರೆ ಇಳಿಯುತ್ತಿತ್ತು. ಮಣ್ಣಿನಲ್ಲಿ ಸೋಸಿ ಬರುವ ನೀರು ಹಾಗೆ ಮಾಡುವುದಿಲ್ಲ. ಇದು ಓಡಿ ಬರುವ ನೀರಿನ ನಡತೆ. ಇಲ್ಲೂ ಎಲ್ಲೋ ಒಂದು ಬಿಲ ಇದೆ ಎಂದು ನನಗೆ ಅನ್ನಿಸತೊಡಗಿತು. ಆದರೆ ಆ ವರದಿ ಅಡ್ಡ ನಿಂತಿತ್ತು. ಎಣ್ಣೆ ಇದ್ದ ನೀರಿನಲ್ಲಿ ಎಣ್ಣೆ ಇಲ್ಲ ಎಂದು ಹೇಗೆ ಬಂತು?

"ಅವ್ವೆ, ಆವತ್ತು ಪರೀಕ್ಷೆಯವನ ಬಾಟಲಿ ತುಂಬಿಸಿದ್ದು ಯಾರು?"

"ನಾನೇ. ಆ ಹುಡುಗ ಬೂಟು ಹಾಕಿದ್ದ. ಬಿಚ್ಚು ಎಂದರೆ ಜಿಗಣೆ ಇದ್ದರೆ ಎಂದು ಮೇಲೇ ನಿಂತ. ಎನ್ನ ಕೈಗ ಬಾಟಲಿ ಕೊಟ್ಟ."

"ಈಗ ಹಾಗೇ ಇನ್ನೊಂದು ಸಲ ತುಂಬಿಸು ನೋಡೋಣ."

ಅವ್ವೆ ಸೆರಗು ಸಿಕ್ಕಿಸಿಕೊಂಡು ಇಳಿದಳು. ಬಾಟಲಿಗೆ ನೀರು ಹಾಕಿ ಕುಲುಕಿ ಚೆಲ್ಲಿದಳು, ಮತ್ತೆ ಕುಲುಕಿ ಚೆಲ್ಲಿದಳು. ಪರರ ಪಾತ್ರೆಗೆ ಒರತೆಯ ನೀರು ತುಂಬುವ ಮೊದಲು ತೊಳೆಯಬೇಕಲ್ಲ. ಆಮೇಲೆ ಅಂಗೈಯಿಂದ ನೀರಿನ ಮೈಯನ್ನು ತಟ್ಟಿದಳು. ಬೆಳಕಿಗೆ ಓರೆಯಾಗಿ ನೋಡುತ್ತಿದ್ದ ನನಗೆ ಕಂಡಿತು, ಪಾರಿವಾಳದ ಕುತ್ತಿಗೆಯ ಬಣ್ಣದ ಒಂದು ತೆಳುವಾದ ಪೊರೆ ಅವಳ ಕೈಯ ಏಟಿಗೆ ಸರಿದು ಗೋಡೆಯ ಅಂಚಿಗೆ ಹೋಗಿ ಅಂಟಿಕೊಂಡಿತು. ತೆರವಾದ ಜಾಗದಲ್ಲಿ ಬಾಟಲಿಯನ್ನು ಆಳಕ್ಕೆ ಅದ್ದಿ, ತುಂಬಿಸಿ, ಮುಚ್ಚಿ, ಹೊರಗೆ ಒರೆಸಿ ನನ್ನ ಕೈಗೆ ಕೊಟ್ಟಳು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಣ್ಣೆ ತೇಲುತ್ತದೆ. ಅದನ್ನು ಹಿಡಿಯಬೇಕಾದವರು ಗಾಜಿನ ಬಾಟಲಿಯನ್ನು ತೊಳೆಯದೆ, ಮೇಲಿನ ನೀರನ್ನು ಸೇರಿಸಿಯೇ ತುಂಬಬೇಕು. ಅವ್ವೆ ತನ್ನ ಅತ್ತೆ ಕಲಿಸಿದಂತೆ, ದೇವರಿಗೆ ಎತ್ತುವಷ್ಟೇ ಮರ್ಯಾದೆಯಿಂದ, ಹಟ್ಟಿಯಲ್ಲೇ ಅತ್ಯಂತ ಶುದ್ಧವಾದ ನೀರನ್ನು ಆರಿಸಿ ಸರ್ಕಾರಕ್ಕೆ ಕೊಟ್ಟಿದ್ದಳು. ಜಿಗಣೆಗೆ ಹೆದರಿ ಮೇಲೆ ನಿಂತ ಆ ಮಹಾರಾಯನ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯದಿರುವುದೇ ವಾಸಿ. ಅವ್ವೆಯ ಮೇಲೆ ಸಿಟ್ಟು ಬರಲಿಲ್ಲ. ಅಳು ಬಂತು.

"ಯಾಕೆ ತಟ್ಟುವುದು ಅವ್ವೆ?"

"ಕಸ ಇರುತ್ತದಲ್ಲ ಕೂಸೇ. ಮಳೆ ಬಂದರೆ ಆ ತೂಸು ಬೇರೆ."

"ಯಾವ ತೂಸು?"

"ಟೀ ತೂಸು. ನಂಗಳ ಫ್ಯಾಕ್ಟರಿ ನಡೆತಾ ಇದ್ದಾಗ ಮಳೆ ಬಂದ ಮಾರನೆ ದಿನ ನೀರ ಮೇಲೆ ಕಪ್ಪುಗೆ ತೇಲ್ತಾ ಇತ್ತು. ಗಾಳಿಗ ಬಂದು ಬೀಳುವುದು."

ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಫ್ಯಾಕ್ಟರಿ ಇದ್ದದ್ದು ಹಟ್ಟಿಯ ಮೇಲಿನ ಗುಡ್ಡದ ಆ ಮಗ್ಗುಲಲ್ಲಿ. ಟೀ ಎಲೆಯ ನಾರು, ಪುಡಿ, ಗುಡಿಸಿ ಹೊರಗೆ ಹಾಕಿದ ತೂಸು ಮಳೆಯಲ್ಲಿ ನೆನೆದು ಮುದ್ದೆಯಾಗುತ್ತದೆ, ಅದು ಗಾಳಿಗೆ ಹಾರುವುದಿಲ್ಲ. ಮಳೆಯ ಮಾರನೆ ದಿನ ಅದು ಒರತೆಗೆ ಬರುತ್ತಿತ್ತೆಂದರೆ ನೆಲದೊಳಗಿಂದಲೇ ಬರುತ್ತಿತ್ತು. ಎಷ್ಟೋ ವರ್ಷ ಈ ಬೆಟ್ಟ ತನ್ನ ಹೊಟ್ಟೆಯಲ್ಲಿದ್ದ ದಾರಿಯನ್ನು ನಮಗೆ ತೋರಿಸುತ್ತಲೇ ಇತ್ತು, ನಮ್ಮ ಹೆಂಗಸರು ಅದನ್ನು ತಟ್ಟಿ ತಟ್ಟಿ ಸರಿಸುತ್ತಿದ್ದರು. ನಾನೂ ಸರಿಸಿದ್ದೆ, ಚೊಂಬಿನ ತಳದಿಂದ.

ಫ್ಯಾಕ್ಟರಿ ಎಂದರೆ ದೊಡ್ಡದೇನಲ್ಲ. ಹಟ್ಟಿಯ ಕೆಲವು ಮನೆಯವರು ಸೇರಿ ಕಟ್ಟಿದ ತಗಡಿನ ಕಟ್ಟಡ, ಸಣ್ಣ ಬೆಳೆಗಾರರಿಂದ ಎಲೆ ಕೊಂಡು ಪುಡಿ ಮಾಡುವುದು. ಮುಂದೆ ನಿಂತು ಕಟ್ಟಿಸಿದವನು ನಮ್ಮಪ್ಪ. ಎಲೆಯ ಬೆಲೆ ಬಿದ್ದು ಬೆಟ್ಟದಲ್ಲೆಲ್ಲ ಜನ ಕೈಚೆಲ್ಲಿ ಕೂತ ಕಾಲದಲ್ಲಿ ಅದೂ ನಿಂತುಹೋಯಿತು. ಮುಚ್ಚಿತು ಎಂದು ಯಾರೂ ಹೇಳುವುದಿಲ್ಲ, ನಿಂತಿದೆ ಎನ್ನುತ್ತಾರೆ. ಅಪ್ಪನೂ ಬೆಲೆ ಏರಿದರೆ ಮತ್ತೆ ಓಡಿಸೋಣ ಎನ್ನುತ್ತಲೇ ಹೋದ. ಬಾಗಿಲ ಬೀಗದ ಕೈ ನಮ್ಮ ಮನೆಯ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಅವ್ವೆ ಅದಕ್ಕೂ ದಿನಾ ವಿಭೂತಿ ಹಚ್ಚುತ್ತಿದ್ದಳು.

ಕಟ್ಟಡದ ಹಿಂದೆ ಒಂದು ಗುಳಿ ಇತ್ತು. ಚಿಕ್ಕಂದಿನಲ್ಲಿ, ಫ್ಯಾಕ್ಟರಿ ಕಟ್ಟುವ ಮೊದಲು, ನಾನೂ ತಮ್ಮನೂ ಮಳೆ ಬರುವಾಗ ಅಲ್ಲಿ ಕಡ್ಡಿ ದೋಣಿ ಬಿಡುತ್ತಿದ್ದೆವು. ಸುತ್ತಲ ತಗ್ಗುಗಳಲ್ಲೆಲ್ಲ ಕೆಸರು ನಿಂತರೂ ಆ ಗುಳಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ದೋಣಿಗಳು ಒಂದು ಮೂಲೆಗೆ ಹೋಗಿ ತಿರುಗಿ ಕಾಣೆಯಾಗುತ್ತಿದ್ದವು. ಹುಲ್ಲಿನಲ್ಲಿ ಸಿಕ್ಕಿಕೊಂಡವು ಎಂದು ನಾವು ಹುಡುಕಿ ಬೇಸತ್ತು ಬರುತ್ತಿದ್ದೆವು. ಮಳೆಗಾಲದಲ್ಲೂ ಒಣಗಿರುವ ಜಾಗ ಎಂದರೆ ಈ ಬೆಟ್ಟದಲ್ಲಿ ಬಂಗಾರ. ಇಲ್ಲಿ ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ತುಕ್ಕು, ಬೀಗ, ಬಕೆಟ್ಟು, ತಗಡು ಯಾವುದೂ ಬಾಳುವುದಿಲ್ಲ. ಅಪ್ಪ ಜನರೇಟರಿಗೂ ಒಲೆಗೂ ಬೇಕಾದ ಡೀಸೆಲ್ಲಿನ ಕಬ್ಬಿಣದ ಟ್ಯಾಂಕನ್ನು ಆ ಗುಳಿಯಲ್ಲೇ ಹೂಳಿಸಿದ. ಒಣ ನೆಲ, ತುಕ್ಕು ಹಿಡಿಯುವುದಿಲ್ಲ ಎಂದು ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದ್ದು ನನಗೆ ನೆನಪಿದೆ. ಎಲ್ಲರೂ ತಲೆದೂಗಿದ್ದರು. ನೀರು ಅಲ್ಲಿ ನಿಲ್ಲದಿದ್ದದ್ದು ಅದು ನೆಲದೊಳಗೆ ಬಾಯಿ ತೆರೆದ ಜಾಗವಾದ್ದರಿಂದ ಎಂದು ಬೆಟ್ಟದವರಾರಿಗೆ ಹೊಳೆದೀತು? ಯಾವ ಕಾಲದ್ದೋ ಮರದ ಬೇರು ಕೊಳೆತು, ಮಣ್ಣು ಕೊಚ್ಚಿಹೋಗಿ, ಗಟ್ಟಿ ಕಲ್ಲಿನ ಮೇಲೆ ಒಂದು ಕೊಳವೆ ಆಗಿತ್ತು. ಮಳೆಯ ನೀರೆಲ್ಲ ಟ್ಯಾಂಕಿನ ಮೈ ಸವರಿಕೊಂಡೇ ಅದರೊಳಗೆ ಇಳಿಯುತ್ತಿತ್ತು.

ಫ್ಯಾಕ್ಟರಿ ನಿಂತಾಗ ಟ್ಯಾಂಕಿನಲ್ಲಿ ಡೀಸೆಲ್ಲು ಇತ್ತು. ಇಂದು ನಾಳೆ ಓಡಿಸುವ ಫ್ಯಾಕ್ಟರಿಯ ಎಣ್ಣೆಯನ್ನು ಯಾರು ತೆಗೆಯುತ್ತಾರೆ?

ನಾನು ಅವ್ವೆಗೆ ನೇರವಾಗಿ ಹೇಳಿದೆ. ಗುಳಿಗೆ ಬಣ್ಣ ಹಾಕುತ್ತೇನೆ, ನೀನು ಒರತೆಯ ಹತ್ತಿರ ಕೂತಿರು ಎಂದೆ. ಅವಳ ಮುಖ ಬಿಗಿಯಿತು.

"ಅಲ್ಲಿ ಬೇಡ."

"ಯಾಕೆ?"

"ಅದು ನಿನ್ನಪ್ಪ ಮಾಡಿದ್ದು."

"ಅದಕ್ಕೇ ನೋಡಬೇಕು ಅವ್ವೆ. ಅಪ್ಪನದಲ್ಲ ಎಂದು ಗೊತ್ತಾದರೆ ಅವನ ಹೆಸರು ಉಳಿಯುತ್ತದೆ."

ಆ ಮಾತು ಹೇಳುವಾಗ ಅಪ್ಪನದಲ್ಲ ಎಂದು ಬರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ. ಕೆಲಸದಲ್ಲಿ ಎಂದೂ ಹಾಗೆ ಬೇಡಿಕೊಂಡವಳಲ್ಲ.

ಮರುದಿನ ಬೆಳಿಗ್ಗೆ ಒಂದು ಜೋರು ಮಳೆ ಹೊಡೆದು ನಿಂತಿತು. ತಮ್ಮನೂ ನಾನೂ ಗುಳಿಯ ಮೂಲೆಯಲ್ಲಿ ಪುಡಿ ಸುರಿದೆವು. ಹಸಿರು ನೀರು ಒಂದು ಸುತ್ತು ಸುತ್ತಿ, ನಮ್ಮ ದೋಣಿಗಳು ಹೋದಂತೆಯೇ ಹೋಯಿತು. ನಾನು ಕಾಲುದಾರಿಯಲ್ಲಿ ಇಳಿದು ಒರತೆಗೆ ಬರುವಷ್ಟರಲ್ಲಿ ಆಗಿಹೋಗಿತ್ತು. ಹಿಂದಿನ ಗೋಡೆಯ ಕಲ್ಲಿನ ಸಂದಿನಿಂದ ಹಸಿರು ಇಳಿಯುತ್ತಿತ್ತು, ಹೊಂಡವೆಲ್ಲ ಹಸಿರು. ಅವ್ವೆ ನೀರಿನ ಅಂಚಿನಲ್ಲಿ ಮಂಡಿಯೂರಿ ಕೂತು ಅಂಗೈಯಿಂದ ತಟ್ಟುತ್ತಿದ್ದಳು. ತಟ್ಟುವಳು, ನೋಡುವಳು, ಮತ್ತೆ ತಟ್ಟುವಳು. ಬಣ್ಣ ನೀರಿನ ತುಂಬ ಇತ್ತು, ಅದು ಸರಿಯಲಿಲ್ಲ. ಎಂದೂ ಸದ್ದಾಗದಂತೆ ತಟ್ಟುತ್ತಿದ್ದವಳ ಕೈಯಿಂದ ನೀರು ಅವಳ ಮುಖಕ್ಕೆ ಹಾರುತ್ತಿತ್ತು. ನಾನು ಇಳಿದು ಹೋಗಿ ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

"ಹೋಗಲಿಲ್ಲೆ ಕೂಸೇ," ಎಂದಳು.

ಮನೆಗೆ ಬಂದು ಅವ್ವೆ ಮೊಳೆಯಿಂದ ಬೀಗದ ಕೈ ತೆಗೆದಳು. ಸಂಜೆ ಪಾಲುದಾರರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ದೊಡ್ಡಪ್ಪನೇ ಮೊದಲು ಬಾಯಿ ಬಿಟ್ಟ. ಟ್ಯಾಂಕು ಎತ್ತಿದರೆ ಫ್ಯಾಕ್ಟರಿ ಮುಗಿದಂತೆ, ಊರ ಮುಂದೆ ನಗೆಪಾಟಲು, ಬೆಲೆ ಏರಿದರೆ ಏನು ಮಾಡುವುದು, ಸ್ವಲ್ಪ ತಡೆಯೋಣ. ಅವನ ಮಾತಿನ ಕೆಳಗೆ ಇದ್ದ ನೋವು ನನಗೂ ತಿಳಿಯುತ್ತಿತ್ತು. ಆ ತಗಡಿನ ಕಟ್ಟಡದಲ್ಲಿ ಅವನ ಹರೆಯವೂ ಇತ್ತು.

ಅವ್ವೆ ಬಾಗಿಲ ಒಳಗೇ ನಿಂತು ಮಾತಾಡಿದಳು. ಗಂಡಸರ ಕೂಟದಲ್ಲಿ ಅವಳು ದನಿ ಎತ್ತಿದ್ದು ನಾನು ಅದೇ ಮೊದಲು ಕೇಳಿದ್ದು.

"ಅವರು ಒಣ ಜಾಗ ಎಂದು ನೋಡಿದರು. ಅಷ್ಟೇ ಅವರ ತಪ್ಪು. ಬೇಕೆಂದು ಮಾಡಿದ್ದಲ್ಲ. ಗೊತ್ತಾದ ಮೇಲೂ ಬಿಟ್ಟರೆ ಅದು ನಂಗಳ ತಪ್ಪು. ಫ್ಯಾಕ್ಟರಿ ಓಡಲಿಲ್ಲೆ ಎಂದರೆ ನಾ ಬದುಕುವೆ. ನೀರು ಇಲ್ಲೆ ಎಂದರೆ ಹಟ್ಟಿ ಎಂತದು?"

ಬೀಗದ ಕೈಯನ್ನು ಜಗಲಿಯ ಮೇಲೆ ಇಟ್ಟಳು. ದೊಡ್ಡಪ್ಪನೇ ಅದನ್ನು ಎತ್ತಿಕೊಂಡ.

ಟ್ಯಾಂಕು ಎತ್ತುವುದು ಸುಲಭವಾಗಿರಲಿಲ್ಲ. ಚೈನು, ಕಪ್ಪಿ, ಮುಕ್ಕಾಲಿ ಇದ್ದದ್ದು ರಸ್ತೆಯ ತಿರುವಿನವನ ಹತ್ತಿರ ಮಾತ್ರ. ಕೇಳಲು ಯಾರು ಹೋಗಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಪ್ಪನೇ ಹೋದ. ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಲಿಲ್ಲ. ಮಾರನೆ ದಿನ ಆತ ಚೈನು ಹೊತ್ತು ಬಂದು ನಮ್ಮ ಗಂಡಸರ ಜೊತೆ ಕೆಸರಿಗೆ ಇಳಿದ. ಉಳಿದ ಎಣ್ಣೆಯನ್ನು ಡ್ರಮ್ಮಿಗೆ ಹೀರಿ, ಟ್ಯಾಂಕು ಮೇಲೆ ಬಂದಾಗ ಅದರ ತಳದಲ್ಲಿ ಒಂದು ಕಡೆ ಬೆರಳು ತೂರುವಷ್ಟು ತುಕ್ಕು ತಿಂದಿತ್ತು. ಬೇರೆಲ್ಲ ಕಡೆ ಬಣ್ಣ ಹಾಗೇ ಇತ್ತು. ತಮ್ಮ ಅದರ ಮುಂದೆ ನಿಂತು ಅಪ್ಪನ ಹೆಸರು ಹಿಡಿದು ಅತ್ತ. ನೆನೆದ ಮಣ್ಣನ್ನೂ ಸಿಕ್ಕಷ್ಟು ಅಗೆಸಿ ಸಾಗಿಸಿದೆವು.

ಮುಗಿಯಿತು ಎಂದು ಹಟ್ಟಿ ಅಂದುಕೊಂಡಿತು. ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೊಳವೆಯ ಗೋಡೆಗಳು ಕುಡಿದ ಎಣ್ಣೆಯನ್ನು ಅಗೆಯುವುದು ಹೇಗೆ? ಪ್ರತಿ ಮಳೆಗೆ ಅದು ಇಷ್ಟಿಷ್ಟೇ ಕೆಳಗೆ ಬರುತ್ತದೆ, ವರ್ಷಗಟ್ಟಲೆ ಬರುತ್ತದೆ. ತೈ ತಿಂಗಳಿಗೆ ಸರಿಯಾಗುತ್ತದೆಯೇ ಎಂದು ಅವ್ವೆ ಕೇಳಿದಾಗ ಇಲ್ಲ ಎಂದೆ. ನನ್ನ ಇಡೀ ಓದಿನಲ್ಲಿ ಅಷ್ಟು ಕಷ್ಟದ ಉತ್ತರ ಇನ್ನೊಂದಿಲ್ಲ. ಅವಳು ಹೌದೇ ಎಂದಳು, ಅಷ್ಟೇ. ಅಂದಿನಿಂದ ಪೈಪಿನ ನೀರಿನಲ್ಲಿ ಪೂಜೆ ಮಾಡಿದಳು.

ಮದುವೆಗೆ ಒಂದು ವಾರ ಇರುವಾಗ ಅವ್ವೆ ನನ್ನನ್ನು ಕರೆದುಕೊಂಡು ರಸ್ತೆಗೆ ಹತ್ತಿದಳು. ವರ್ಕ್‌ಶಾಪಿನ ಹಿಂದೆ, ಅಂಗಳಕ್ಕಿಂತ ಎತ್ತರದಲ್ಲಿ, ಕಲ್ಲು ಒಡೆದು ತೆಗೆದ ಅವನ ಬಾವಿ ಇತ್ತು. ಆ ನೀರನ್ನು ನಾನು ಆಗಲೇ ಪರೀಕ್ಷಿಸಿ ನೋಡಿದ್ದೆ. ಅದಕ್ಕೆ ಅವನ ಅಂಗಳದ ಸೋಂಕೂ ಇರಲಿಲ್ಲ, ನಮ್ಮ ಟ್ಯಾಂಕಿನದೂ ಇರಲಿಲ್ಲ. ಅವನು ಕೈ ಒರೆಸಿಕೊಳ್ಳುತ್ತ ಎದ್ದು ನಿಂತ.

"ನಂಗಳ ಹಟ್ಟಿಯವರು ನಿನ್ನ ಬಹಳ ಬೈದರು," ಎಂದಳು ಅವ್ವೆ. "ನಾ ಬಾಯಿ ಬಿಟ್ಟು ಬೈಯಲಿಲ್ಲೆ. ಮನಸ್ಸಲ್ಲಿ ಬೈದೆ. ಎನ್ನ ಮನೆಗ ಹೆಣ್ಣು ಬರುವಳು. ನೀರು ಕೊಡುವೆಯಾ?"

ಅವನು ಬಾವಿಯ ಕಡೆಗೆ ಕೈ ತೋರಿಸಿದ.

"ಅಮ್ಮಾ, ವೆಳ್ಳಂ ಕೊಡೂದಕ್ಕೆ ಕೇಳಬೇಕಾ?"

ಮದುವೆಯ ದಿನ ಹೆಣ್ಣನ್ನು ಮೊದಲು ಒರತೆಗೇ ಕರೆದುಕೊಂಡು ಹೋದರು. ಚಪ್ಪಲಿ ಬಿಟ್ಟು ಇಳಿದು, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಕೈ ಮುಗಿದಳು. ಮುಟ್ಟಬೇಡ ಎಂದು ಅವ್ವೆ ಮೊದಲೇ ಹೇಳಿದ್ದಳು. ಅಲ್ಲಿಂದ ಹೆಂಗಸರ ಸಾಲು ಕಾಲುದಾರಿ ಹತ್ತಿ ರಸ್ತೆಗೆ ಬಂತು. ಆತ ಬಾವಿಯ ಸುತ್ತ ತೊಳೆದು, ಎಣ್ಣೆಯ ಡಬ್ಬಗಳನ್ನೆಲ್ಲ ದೂರ ಸಾಗಿಸಿ, ಬರಿಗಾಲಲ್ಲಿ ನಿಂತಿದ್ದ. ತನ್ನ ಬಾವಿಯ ಹತ್ತಿರ ಯಾರೂ ಅವನಿಗೆ ಚಪ್ಪಲಿ ಬಿಡು ಎಂದು ಹೇಳಿರಲಿಲ್ಲ. ಅವನು ಸೇದಲು ಹೊರಟರೆ ಅವ್ವೆ ತಡೆದಳು. ಹೆಣ್ಣೇ ಸೇದಿ ತೊಟ್ಟಿಗೆ ಸುರಿದಳು.

ಕೊಡ ತುಂಬುವ ಮೊದಲು ಹೆಣ್ಣು ಅದರ ತಳದಿಂದ ತೊಟ್ಟಿಯ ನೀರನ್ನು ತಟ್ಟಲು ಹೋದಳು. ಅವಳ ತೌರಿನಲ್ಲೂ ಹಾಗೇ ಕಲಿಸಿದ್ದರು. ಅವ್ವೆ ಅವಳ ಮುಂಗೈ ಹಿಡಿದು ನಿಲ್ಲಿಸಿದಳು.

"ತಟ್ಟಬೇಡ. ಬಾಗಿ ನೋಡು. ಮೂಸು."

ಹೆಂಗಸರು ಗುಸುಗುಸು ಎಂದರು. ರೇಷ್ಮೆ ಸೀರೆಯ ಮದುವಣಗಿತ್ತಿ ತೊಟ್ಟಿಯ ಮೇಲೆ ಬಾಗಿ, ಎಲ್ಲರ ಮುಂದೆ ನೀರನ್ನು ಮೂಸಿದಳು.

"ಏನೂ ಇಲ್ಲೆ ಮಾಮಿ."

"ಹಂಗಾದರೆ ಎತ್ತು."

ಅವ್ವೆಗೆ ಬೇಕಿದ್ದದ್ದು ಹೀಗಲ್ಲ. ಕೊಡ ಹೊಸ್ತಿಲು ದಾಟುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ತಮ್ಮನ ಹೆಂಡತಿಯ ಕಾಲ ಬೆರಳುಗಳನ್ನೇ ನೋಡುತ್ತ ನಿಂತೆ.

ಅವ್ವೆ ಹಾಸಿಗೆ ಹಿಡಿದದ್ದು ಕೆಲವು ವರ್ಷಗಳ ಮೇಲೆ. ಅಷ್ಟರಲ್ಲಿ ಒರತೆ ಬೇಸಿಗೆಯಲ್ಲಿ ಪೂರ್ತಿ ತಿಳಿಯಾಗಿರುತ್ತಿತ್ತು, ಮಳೆ ಹೊಡೆದರೆ ಮಾತ್ರ ಆ ಪೊರೆ ಕಾಣುತ್ತಿತ್ತು. ಅಂದು ಹೊರಗೆ ಮಳೆ ಆಗಷ್ಟೇ ನಿಂತಿತ್ತು. ನಾನು ಅವಳ ತಲೆಯ ಹತ್ತಿರ ಕೂತಿದ್ದೆ. ಒರತೆಯ ನೀರು ಒಂದು ಗುಟುಕು ಬೇಕು ಎಂದಳು. ತಮ್ಮನ ಹೆಂಡತಿ ಹಿತ್ತಾಳೆ ಕೊಡ ತೆಗೆದುಕೊಂಡು ಇಳಿದು ಹೋದಳು. ಅವಳು ಹಿಂದಿರುಗಿ ಬಂದಾಗ ಕೊಡ ಖಾಲಿ ಇತ್ತು. ಮದುವೆಯ ದಿನದಿಂದ ಮನೆಗೆ ತರುತ್ತಿದ್ದ, ರಸ್ತೆಯ ತಿರುವಿನವನ ಬಾವಿಯ ನೀರನ್ನೇ ಕೊಟ್ಟು 'ಇದೇ ಒರತೆಯದು' ಎಂದಿದ್ದರೆ ಅವ್ವೆಗೆ ತಿಳಿಯುತ್ತಿರಲಿಲ್ಲ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಅವ್ವೆ ಕೊಡ ನೋಡಿ ಕೇಳಿದಳು.

"ಮೂಸಿದೆಯಾ?"

"ಮೂಸಿದೆ ಮಾಮಿ. ಇನ್ನೂ ನಾರ್ತಾ ಇದೆ."

ಅವ್ವೆ ಕಣ್ಣು ಮುಚ್ಚಿದಳು. ಸೊಸೆಯ ಕೈಗಾಗಿ ತಡಕಾಡಿ ಹಿಡಿದುಕೊಂಡಳು.

"ಒಳ್ಳೆಯ ಕೂಸು. ಬಾವಿದೇ ಕೊಡು."